ಕೇಳಿ, ಹೇಳುತ್ತೇನೆ: ಪಿಯರ್ ಹಣ್ಣನ್ನು ತಿಂಗಳುಗಟ್ಟಲೆ ಕಾಪಾಡುವುದು

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಪಿಯರ್ ಹಣ್ಣಿನವೇ. ಮರಸೇಬು ಅಂತ ಬರೆದವರೂ ಇದ್ದಾರೆ, ಎರಡೂ ಒಂದೇ. ಇಪ್ಪತ್ತಾರು ವರ್ಷ ಕೋಲ್ಡ್ ಸ್ಟೋರೇಜ್‌ನಲ್ಲಿ ಕೆಲಸ ಮಾಡಿದವಳು ನಾನು. ಚೆನ್ನಾಗಿ ಬೆಳೆದ ಕಾಯಿ ತಂಪು ಕೋಣೆಯೊಳಗೆ ಹೋಗಿ ಹಾಳಾಯಿತು ಅಂತ ಕೇಳಿದರೆ ಈಗಲೂ ಸಂಕಟವಾಗುತ್ತದೆ. ಅದಕ್ಕೇ ಈ ಬಾರಿ ಪೂರ್ತಿ ಜಾಗ ಪಿಯರ್‌ಗೇ ಬಿಟ್ಟಿದ್ದೇನೆ.

ಮೇಡಂ, ನಮ್ಮ ಬಾರ್ಟ್‌ಲೆಟ್ ಜಾತಿಯ ಪಿಯರ್ ಕಾಯಿಯನ್ನು ಎಪ್ಪತ್ತು ದಿನ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟಿದ್ದೆವು. ಹೊರಗೆ ತೆಗೆದಾಗ ಹಸಿರಾಗಿ, ಗಟ್ಟಿಯಾಗಿ ಇತ್ತು. ನಾಲ್ಕು ದಿನ ಬಿಟ್ಟು ಹೆಚ್ಚಿ ನೋಡಿದರೆ ಬೀಜದ ಸುತ್ತ ಕಂದು ಬಣ್ಣ, ಕೊಳೆತ ಹಾಗೆ ಮೆತ್ತಗೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ರೂಮಿನ ಮೀಟರ್ ದಿನವೂ ಸೊನ್ನೆ ಡಿಗ್ರಿಯನ್ನೇ ತೋರಿಸುತ್ತಿತ್ತು. ಕೊಯ್ದ ಮೇಲೆ ರೂಮು ತುಂಬಲಿ ಅಂತ ಐದು ದಿನ ಕಾದೆವು, ಅಷ್ಟೇ. ತಪ್ಪಿದ್ದು ಎಲ್ಲಿ?

ಉತ್ತರ ನಿಮ್ಮ ಕಾಗದದಲ್ಲೇ ಇದೆ. ಆ ಐದು ದಿನ.

ಪಿಯರ್ ಒಳಗಿನಿಂದ ಹೊರಕ್ಕೆ ಮಾಗುವ ಹಣ್ಣು. ಬೀಜದ ಸುತ್ತಲಿನ ತಿರುಳು ಮೊದಲು ಮೆತ್ತಗಾಗುತ್ತದೆ, ಸಿಪ್ಪೆ ಪಕ್ಕದ್ದು ಕೊನೆಗೆ. ಹಾಗಾಗಿ ಹಣ್ಣಿಗೆ ವಯಸ್ಸಾದದ್ದೂ ಒಳಗೇ ಮೊದಲು ಕಾಣುತ್ತದೆ. ನೀವು ನೋಡಿದ ಕಂದು ಬಣ್ಣ ರೋಗವಲ್ಲ, ಮುಪ್ಪು. ಎಪ್ಪತ್ತು ದಿನ ಬಾರ್ಟ್‌ಲೆಟ್‌ಗೆ ಜಾಸ್ತಿ ಏನಲ್ಲ. ಸರಿಯಾಗಿ ತಂಪು ಮಾಡಿದ ಕಾಯಿ ಎರಡರಿಂದ ಮೂರು ತಿಂಗಳು ತಡೆಯುತ್ತದೆ. ನಿಮ್ಮದು ಒಳಗೆ ಹೋಗುವಾಗಲೇ ಅರ್ಧ ಆಯಸ್ಸು ಮುಗಿಸಿತ್ತು.

ಕೊಯ್ದ ಕಾಯಿ ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನೇ ಸುಡುತ್ತದೆ, ಶಾಖ ಬಿಡುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಉಸಿರಾಟ ಎರಡು ಮೂರು ಪಟ್ಟಾಗುತ್ತದೆ. ಲೆಕ್ಕ ಹಾಕಿ ನೋಡಿ: 25 ಡಿಗ್ರಿಯಲ್ಲಿ ಐದು ದಿನ ನಿಂತ ಕಾಯಿ, ತಂಪಿನಲ್ಲಿ ಕಳೆಯಬಹುದಾಗಿದ್ದ ವಾರಗಟ್ಟಲೆ ಕಾಲವನ್ನು ಹೊರಗೇ ಖರ್ಚು ಮಾಡಿಬಿಟ್ಟಿರುತ್ತದೆ. ಆಮೇಲೆ ಎಷ್ಟು ತಂಪು ಕೊಟ್ಟರೂ ಆ ದಿನಗಳು ವಾಪಸ್ ಬರುವುದಿಲ್ಲ.

ಮುಂದಿನ ಸಲ ರೂಮು ತುಂಬಲಿ ಅಂತ ಕಾಯಬೇಡಿ. ತಂಪು ಹೊತ್ತಿನಲ್ಲಿ ಕೊಯ್ಯಿರಿ, ಕ್ರೇಟನ್ನು ನೆರಳಲ್ಲಿಡಿ, ಅವತ್ತಿನದ್ದು ಅವತ್ತೇ ಒಳಗೆ ಹೋಗಲಿ. ಒಂದೆರಡು ದಿನದೊಳಗೆ ಕಾಯಿಯ ನಡುಭಾಗ ಸೊನ್ನೆ ಡಿಗ್ರಿ ಹತ್ತಿರ ಬರಬೇಕು. ಸುಮ್ನೆ ತಂಪು ಕೋಣೆಯಲ್ಲಿ ಒಟ್ಟಿದರೆ ಇದು ಆಗುವುದಿಲ್ಲ, ಒಟ್ಟಿಲ ನಡುವಿನ ಕಾಯಿಗೆ ತಂಪು ತಲುಪಲು ವಾರವೇ ಹಿಡಿಯಬಹುದು. ಕ್ರೇಟ್‌ಗಳನ್ನು ಎರಡು ಸಾಲಾಗಿ ನಿಲ್ಲಿಸಿ, ನಡುವೆ ಓಣಿ ಬಿಡಿ. ಓಣಿಯ ಮೇಲೆ ಮತ್ತು ಹಿಂದೆ ಟಾರ್ಪಾಲು ಮುಚ್ಚಿ, ಮುಂದಿನ ಬಾಯಿಗೆ ದೊಡ್ಡ ಫ್ಯಾನ್ ಇಟ್ಟು ಗಾಳಿಯನ್ನು ಹೊರಕ್ಕೆ ಎಳೆಯಿರಿ. ಆಗ ರೂಮಿನ ತಂಪು ಗಾಳಿಗೆ ಕ್ರೇಟ್‌ಗಳ ತೂತಿನ ಮೂಲಕ ಕಾಯಿಗಳ ಸಂದಿಯಲ್ಲೇ ಹಾದುಹೋಗದೆ ಬೇರೆ ದಾರಿ ಇರುವುದಿಲ್ಲ. ದಿನಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಆಗಲೇ ತಣ್ಣಗಾದ ಕಾಯಿ ಇರುವ ರೂಮಿಗೆ ಬಿಸಿ ಕಾಯಿ ತಂದು ಒಟ್ಟುವುದು ಮಾತ್ರ ಬೇಡ. ಹಳೆಯದರ ಮೇಲೆ ಬೆವರು ಕೂರುತ್ತದೆ, ಬೂಷ್ಟು ಹಿಡಿಯುತ್ತದೆ.

ಇನ್ನು ಆ ಮೀಟರ್ ವಿಷಯ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನನಗೂ ಹೀಗೇ ಆಗಿತ್ತು. ಬಾಗಿಲ ಪಕ್ಕದ ಮೀಟರ್ ಸೊನ್ನೆ ಅನ್ನುತ್ತಿತ್ತು, ನಾನು ದಿನಕ್ಕೆ ಮೂರು ಸಲ ಪುಸ್ತಕದಲ್ಲಿ ಸೊನ್ನೆ ಅಂತ ಬರೆಯುತ್ತಿದ್ದೆ. ಒಂದು ದಿನ ಹಿರಿಯ ಮೆಕ್ಯಾನಿಕ್ ಒಬ್ಬರು ಕೈಗೆ ಕಡ್ಡಿ ಥರ್ಮಾಮೀಟರ್ ಕೊಟ್ಟು, "ಗೋಡೆಯನ್ನು ಕೇಳಬೇಡಮ್ಮ, ಕಾಯಿಯನ್ನು ಕೇಳು" ಅಂದರು. ಒಟ್ಟಿಲ ನಡುವಿನ ಒಂದು ಕಾಯಿಗೆ ಬೀಜದವರೆಗೂ ಚುಚ್ಚಿ ನೋಡಿದೆ. 4 ಡಿಗ್ರಿ ಇತ್ತು. ಕ್ರೇಟ್‌ಗಳನ್ನು ಗೋಡೆಗೆ ಒತ್ತಿ, ಒಂದಕ್ಕೊಂದು ಅಂಟಿಸಿ ಒಟ್ಟಿದ್ದೆವು. ಗಾಳಿ ಮೇಲೆ ಮೇಲೆಯೇ ಸುತ್ತಿ ಮೀಟರನ್ನು ಮುಟ್ಟಿ ವಾಪಸ್ ಹೋಗುತ್ತಿತ್ತು. ಆ ರೂಮಿನ ಕಾಯಿಯಲ್ಲಿ ಬಹಳಷ್ಟು ಹೋಯಿತು. ಅವತ್ತಿನಿಂದ ಗೋಡೆಗೂ ಒಟ್ಟಿಲಿಗೂ ನಡುವೆ ಒಂದು ಗೇಣು ಜಾಗ ಬಿಡದೆ ನಾನು ಕ್ರೇಟ್ ಇಡಿಸಿಲ್ಲ.

ಥರ್ಮಾಮೀಟರನ್ನೂ ನಂಬುವ ಮೊದಲು ಒಮ್ಮೆ ಪರೀಕ್ಷೆ ಮಾಡಿ. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸ್ವಲ್ಪ ನೀರು ಹನಿಸಿ, ಕಡ್ಡಿ ಅದ್ದಿ ಕಲಕಿ. ಸೊನ್ನೆ ತೋರಿಸಬೇಕು. ಅರ್ಧ ಡಿಗ್ರಿ ಆಚೀಚೆ ಇದ್ದರೆ ಅದರ ಮೇಲೆ ಬರೆದು ಅಂಟಿಸಿಡಿ. ಪಿಯರ್ ವಿಷಯದಲ್ಲಿ ಅರ್ಧ ಡಿಗ್ರಿ ಸಣ್ಣ ಮಾತಲ್ಲ. ಮೈನಸ್ 1 ಡಿಗ್ರಿಯಲ್ಲಿ ಇಟ್ಟ ಬಾರ್ಟ್‌ಲೆಟ್, ಸೊನ್ನೆಯಲ್ಲಿ ಇಟ್ಟದ್ದಕ್ಕಿಂತ ಸುಮಾರು ಮೂರನೇ ಒಂದು ಪಾಲು ಜಾಸ್ತಿ ದಿನ ತಡೆಯುತ್ತದೆ. ಆದರೆ ಮೈನಸ್ 1.5ರಿಂದ 2ರ ಹೊತ್ತಿಗೆ ಹಣ್ಣೇ ಹೆಪ್ಪುಗಟ್ಟಲು ಶುರು. ಸಕ್ಕರೆ ಕಡಿಮೆ ಇರುವ ಕಾಯಿ ಇನ್ನೂ ಬೇಗ ಹೆಪ್ಪುಗಟ್ಟುತ್ತದೆ. ತಂಪು ಗಾಳಿ ನೇರ ಬಡಿಯುವ ಮೇಲಿನ ಸಾಲಿನಲ್ಲಿ ಇದು ಮೊದಲು ಕಾಣುತ್ತದೆ: ಸಿಪ್ಪೆ ಗಾಜಿನ ಹಾಗೆ, ನೀರು ಕುಡಿದ ಹಾಗೆ ಕಾಣುತ್ತದೆ. ಅಂಥ ಕಾಯಿಯನ್ನು ಆ ಕ್ಷಣ ಮುಟ್ಟಬೇಡಿ, ಅಲುಗಾಡಿಸಲೂ ಬೇಡಿ. ಮುಟ್ಟಿದ ಜಾಗವೆಲ್ಲ ಕಪ್ಪಾಗುತ್ತದೆ. ರೂಮಿನ ಉಷ್ಣಾಂಶವನ್ನು ನಿಧಾನಕ್ಕೆ ಒಂದೆರಡು ಡಿಗ್ರಿ ಏರಿಸಿ, ಅದರಷ್ಟಕ್ಕೆ ಅದು ಬಿಡಿಸಿಕೊಳ್ಳಲಿ. ಅಲ್ಪಸ್ವಲ್ಪ ಹೆಪ್ಪುಗಟ್ಟಿದ್ದರೆ ಎಷ್ಟೋ ಉಳಿಯುತ್ತದೆ, ಆದರೆ ಅದನ್ನು ಮತ್ತೆ ತಿಂಗಳುಗಟ್ಟಲೆ ಇಡಬೇಡಿ.

ಇನ್ನೊಂದು ಅನುಮಾನ ನನಗಿದೆ. ನೀವು ಕೊಯ್ದದ್ದೂ ತಡವಾಗಿರಬಹುದು. ತಡವಾಗಿ ಕೊಯ್ದ ಕಾಯಿಯಲ್ಲೇ ಬೀಜದ ಸುತ್ತ ಕಂದಾಗುವುದು ಜಾಸ್ತಿ. ಒತ್ತಿ ಗಟ್ಟಿತನ ಅಳೆಯುವ ಪೆನೆಟ್ರೋಮೀಟರ್ ಇರುತ್ತದಲ್ವಾ, ಅದರ 8 ಮಿಲಿಮೀಟರ್ ಮೂತಿಯಿಂದ ಒತ್ತಿದಾಗ ಬಾರ್ಟ್‌ಲೆಟ್ ಸುಮಾರು 8 ಕೆಜಿ ತೋರಿಸುವಾಗ ಕೊಯ್ಯಿರಿ. ಒತ್ತುವ ಜಾಗದಲ್ಲಿ ಸಿಪ್ಪೆ ತೆಗೆಯುವುದನ್ನು ಮರೆಯಬೇಡಿ. 7ಕ್ಕಿಂತ ಕೆಳಗೆ ಇಳಿದಿದ್ದರೆ ಅದು ಬೇಗ ಮಾರುವ ಕಾಯಿ, ಇಡುವ ಕಾಯಿಯಲ್ಲ. ಹಾಗಂತ ತೀರಾ ಎಳೆಯದನ್ನು ಕೊಯ್ದರೂ ಕಷ್ಟ, ಸುಕ್ಕಾಗುತ್ತದೆ, ಮಾಗಿದರೂ ರುಚಿ ಬರುವುದಿಲ್ಲ.

ಕೊನೆಯದಾಗಿ ಒಂದು ಅಭ್ಯಾಸ ಮಾಡಿಕೊಳ್ಳಿ. ನನ್ನ ಕೆಲಸದಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಬೇರೆ ಬೇರೆ ಕ್ರೇಟ್‌ನಿಂದ ಹತ್ತು ಕಾಯಿ ಹೊರಗೆ ತನ್ನಿ. 20 ಡಿಗ್ರಿ ಆಸುಪಾಸಿನಲ್ಲಿ ಒಂದು ವಾರ ಇಟ್ಟು ಮಾಗಿಸಿ. ಆಮೇಲೆ ಎಲ್ಲ ಹತ್ತನ್ನೂ ಉದ್ದಕ್ಕೆ ಸೀಳಿ ನೋಡಿ, ತಿಂದು ನೋಡಿ. ತಂಪಿನಲ್ಲಿ ಇರುವಾಗ ಪಿಯರ್ ಹಸಿರಾಗಿಯೇ ಇರುತ್ತದೆ, ಗಟ್ಟಿಯಾಗಿಯೇ ಇರುತ್ತದೆ, ಒಳಗಿನದ್ದು ಏನೂ ತೋರಿಸಿಕೊಡುವುದಿಲ್ಲ. ಹೊರಗೆ ಬಂದು ಮಾಗುವಾಗಲೇ ನಿಜ ಗೊತ್ತಾಗುವುದು. ಹತ್ತರಲ್ಲಿ ಒಂದರ ಒಳಗೆ ಕಂದು ಕಂಡರೂ ತಡಮಾಡದೆ ಆ ರೂಮು ಖಾಲಿ ಮಾಡಲು ಶುರು ಮಾಡಿ. ನಿಮ್ಮ ಎಪ್ಪತ್ತು ದಿನದಲ್ಲಿ ನಾಲ್ಕು ಸಲ ಹೀಗೆ ನೋಡಿದ್ದರೆ ಬಹುಪಾಲು ಉಳಿಯುತ್ತಿತ್ತು ಅನ್ನಿಸುತ್ತದೆ.

ಅಕ್ಕಾ, ನನ್ನದು ಉಲ್ಟಾ ಕಥೆ. ಆಂಜು ಜಾತಿಯ ಪಿಯರ್ ಇಪ್ಪತ್ತು ದಿನ ಇಟ್ಟು ಹೊರಗೆ ತೆಗೆದೆ. ಎರಡು ವಾರ ಆಯಿತು, ಇನ್ನೂ ಕಲ್ಲಿನ ಹಾಗಿದೆ. ಮಾಗುವುದೇ ಇಲ್ಲ. ಕೆಟ್ಟುಹೋಯಿತಾ?

ಕೆಟ್ಟಿಲ್ಲ ತಮ್ಮಾ, ನೀನು ಬೇಗ ಎಬ್ಬಿಸಿದ್ದೀಯ, ಅಷ್ಟೇ. ಪಿಯರ್‌ಗೆ ಮಾಗಲು ಮೊದಲು ಚಳಿ ಬೇಕು. ಚಳಿಯಲ್ಲಿ ಇದ್ದಾಗಲೇ ತನ್ನ ಎಥಿಲೀನ್ ಅನಿಲವನ್ನು ತಾನೇ ತಯಾರಿಸುವ ಶಕ್ತಿ ಅದಕ್ಕೆ ಬರುವುದು. ಆ ಎಥಿಲೀನೇ ಅದನ್ನು ಮೆತ್ತಗೆ ಮಾಡುವುದು. ಬಾರ್ಟ್‌ಲೆಟ್, ಬಾಸ್ಕ್ ಜಾತಿಗಳಿಗೆ ಎರಡು ಮೂರು ವಾರದ ಚಳಿ ಸಾಕು. ಕಾಮಿಸ್‌ಗೆ ಒಂದು ತಿಂಗಳು. ಆಂಜುಗೆ ಅರುವತ್ತು ದಿನದ ಹತ್ತಿರ ಬೇಕು. ನೀನು ಕೊಟ್ಟದ್ದು ಅದರ ಮೂರನೇ ಒಂದು ಪಾಲು.

ಉಳಿದ ಕಾಯಿ ಒಳಗಿದ್ದರೆ ಹಾಗೇ ಬಿಡು. ಹೊರಗಿರುವುದನ್ನು ಮಾಗಿಸಬೇಕು ಅಂದರೆ ಎಥಿಲೀನ್ ಕೊಡಬೇಕು. ಬಿಗಿಯಾದ ರೂಮಿನಲ್ಲಿ 100 ಪಿಪಿಎಂ, ಅಂದರೆ ಗಾಳಿಯ ಹತ್ತು ಸಾವಿರ ಪಾಲಿಗೆ ಒಂದು ಪಾಲು. 20 ಡಿಗ್ರಿಯಲ್ಲಿ ಒಂದರಿಂದ ಎರಡು ದಿನ. ಕಾಯಿ ಸ್ವಲ್ಪವೇ ಇದ್ದರೆ ಮಾಗಿದ ಸೇಬಿನ ಜೊತೆ ಕಾಗದದ ಚೀಲದಲ್ಲಿ ಅಡೆ ಹಾಕು, ಸೇಬು ಆ ಕೆಲಸ ಮಾಡುತ್ತದೆ. 30 ಡಿಗ್ರಿ ದಾಟುವ ಜಾಗದಲ್ಲಿ ಮಾತ್ರ ಇಡಬೇಡ. ಬಿಸಿ ಜಾಸ್ತಿಯಾದರೆ ಪಿಯರ್ ಸರಿಯಾಗಿ ಮಾಗುವುದಿಲ್ಲ.

ಚಳಿ ಕೊಟ್ಟ ಆಂಜು ಎಷ್ಟು ದಿನ ಬರುತ್ತದೆ ಗೊತ್ತಾ? ಸಾಮಾನ್ಯ ಕೋಲ್ಡ್ ಸ್ಟೋರೇಜ್‌ನಲ್ಲೇ ಆರು ತಿಂಗಳ ಹತ್ತಿರ. ನನಗೆ ತುಂಬಾ ಇಷ್ಟವಾದ ಜಾತಿ ಅದು. ತಾಳ್ಮೆ ಇದ್ದವರ ಕೈ ಬಿಡುವುದಿಲ್ಲ.

ಐದನೇ ವಾರಕ್ಕೇ ನಮ್ಮ ಪಿಯರ್‌ಗಳ ಕುತ್ತಿಗೆ ಸುಕ್ಕುಗಟ್ಟುತ್ತದೆ, ತೊಟ್ಟು ಒಣಗುತ್ತದೆ. ತಂಪು ಸರಿಯಾಗಿಯೇ ಇದೆ. ರೂಮಿನ ನೆಲಕ್ಕೆ ನೀರು ಹಾಕಿದರೆ ಸರಿಹೋಗುತ್ತದಾ?

ನೆಲಕ್ಕೆ ನೀರು ಹಾಕಿದರೆ ಸ್ವಲ್ಪ ಅನುಕೂಲ, ಆದರೆ ರೋಗ ಇರುವುದು ಬೇರೆ ಕಡೆ. ಒಂದು ಕೆಲಸ ಮಾಡಿ. ಕೂಲರ್‌ನ ಮಂಜು ಕರಗಿಸುವಾಗ ಪೈಪಿನಿಂದ ನೀರು ಹೊರಗೆ ಹೋಗುತ್ತದಲ್ವಾ, ಒಂದು ದಿನ ಅದರ ಕೆಳಗೆ ಬಕೆಟ್ ಇಡಿ. ಎಷ್ಟು ಲೀಟರ್ ಬಂತು ಅಂತ ಅಳೆಯಿರಿ. ಬಾಗಿಲು ತೆಗೆದಾಗ ಒಳಗೆ ಬಂದ ಗಾಳಿಯದ್ದು ಸ್ವಲ್ಪ ಇರುತ್ತದೆ, ಉಳಿದದ್ದೆಲ್ಲ ನಿಮ್ಮ ಹಣ್ಣಿನಿಂದ ಬಂದ ನೀರು. ಒಂದು ಲೀಟರ್ ಅಂದರೆ ಒಂದು ಕೆಜಿ ತೂಕ. ನಾನು ಮೊದಲ ಸಲ ಹೀಗೆ ಹಿಡಿದಾಗ ಎರಡು ಬಕೆಟ್ ತುಂಬಿ ಮೂರನೆಯದಕ್ಕೆ ಸುರಿಯುತ್ತಿತ್ತು. ಆ ತಣ್ಣನೆ ನೀರಲ್ಲಿ ಕೈ ಇಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದೆ.

ರೂಮಿನ ಗಾಳಿಗಿಂತ ಕೂಲರ್‌ನ ಕಾಯಿಲ್, ಅಂದರೆ ಗಾಳಿಯನ್ನು ತಣ್ಣಗೆ ಮಾಡುವ ಕೊಳವೆ ಸುರುಳಿ, ತುಂಬಾ ತಣ್ಣಗಿದ್ದರೆ ಗಾಳಿಯಲ್ಲಿರುವ ತೇವವೆಲ್ಲ ಅದಕ್ಕೆ ಮಂಜಾಗಿ ಅಂಟುತ್ತದೆ. ಒಣಗಿದ ಗಾಳಿ ಮತ್ತೆ ಹಣ್ಣಿನಿಂದ ನೀರು ಹೀರುತ್ತದೆ. ಚಿಕ್ಕ ಕಾಯಿಲ್ ಹಾಕಿ ಜೋರಾಗಿ ಓಡಿಸುವ ರೂಮುಗಳಲ್ಲೆಲ್ಲ ಇದೇ ಗೋಳು. ಕಾಯಿಲ್ ದೊಡ್ಡದಿರಬೇಕು, ಅದಕ್ಕೂ ರೂಮಿಗೂ ಒಂದೆರಡು ಡಿಗ್ರಿ ವ್ಯತ್ಯಾಸ ಮಾತ್ರ ಇರಬೇಕು. ಪಿಯರ್‌ಗೆ ತೇವಾಂಶ ನೂರಕ್ಕೆ 90ರಿಂದ 95 ಬೇಕು. ತೂಕದಲ್ಲಿ ನೂರಕ್ಕೆ ನಾಲ್ಕೈದು ಹೋಯಿತು ಅಂದರೆ ಸುಕ್ಕು ಕಣ್ಣಿಗೆ ಕಾಣುತ್ತದೆ.

ಈಗಲೇ ಕಾಯಿಲ್ ಬದಲಿಸಲು ಆಗದಿದ್ದರೆ ಪೆಟ್ಟಿಗೆಯೊಳಗೆ ತೂತಿರುವ ತೆಳು ಪಾಲಿಥಿನ್ ಹಾಳೆ ಹಾಸಿ, ಮೇಲಿಂದ ಮಡಚಿ ಮುಚ್ಚಿ. ಹಣ್ಣು ಪೂರ್ತಿ ತಣ್ಣಗಾದ ಮೇಲೆ ಮಾತ್ರ ಮುಚ್ಚಬೇಕು, ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರುತ್ತದೆ. ಮರದ ಪೆಟ್ಟಿಗೆ ಬಳಸುವವರಾದರೆ ಮೊದಲೇ ಚೆನ್ನಾಗಿ ನೆನೆಸಿಡಿ. ಒಣ ಮರ ಹಣ್ಣಿನ ನೀರನ್ನೇ ಕುಡಿಯುತ್ತದೆ. ಹಣ್ಣು ತಣ್ಣಗಾದ ಮೇಲೆ ಫ್ಯಾನಿನ ವೇಗವನ್ನೂ ಇಳಿಸಿ.

ಸೇಬು, ಪಿಯರ್ ಎರಡನ್ನೂ ಒಂದೇ ರೂಮಿನಲ್ಲಿ ಇಡಬಹುದಾ?

ಬೇಡ. ಸೇಬು ಬಿಡುವ ಎಥಿಲೀನ್ ಪಿಯರನ್ನು ಮಾಗಿಸುತ್ತದೆ. ಈರುಳ್ಳಿ, ಆಲೂಗಡ್ಡೆಯ ಪಕ್ಕವೂ ಬೇಡ, ಪಿಯರ್ ವಾಸನೆ ಹಿಡಿಯುತ್ತದೆ.

ನಿಯಂತ್ರಿತ ಗಾಳಿಯ ರೂಮು, ಅಂದರೆ ಸಿಎ ಸ್ಟೋರೇಜ್ ಮಾಡಿಸಬೇಕು ಅಂದುಕೊಂಡಿದ್ದೇವೆ. ಪಿಯರ್‌ಗೆ ಪ್ರಯೋಜನ ಇದೆಯಾ? 1-ಎಂಸಿಪಿ ಅನ್ನುವ ಅನಿಲ ಕೊಟ್ಟರೆ ಅದೇ ಸಾಕು ಅನ್ನುತ್ತಾರೆ, ನಿಜವಾ?

ಪ್ರಯೋಜನ ಖಂಡಿತ ಇದೆ. 1920ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಇದಕ್ಕೆ ಬುನಾದಿ ಹಾಕಿದರು. ತಂಪಿನ ಜೊತೆಗೆ ಗಾಳಿಯಲ್ಲಿ ಆಮ್ಲಜನಕ ಕಡಿಮೆ ಮಾಡಿದರೆ ಹಣ್ಣಿನ ಉಸಿರಾಟ ಇನ್ನೂ ನಿಧಾನ ಆಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21. ಪಿಯರ್ ರೂಮಿನಲ್ಲಿ ಅದನ್ನು 1ರಿಂದ 2ಕ್ಕೆ ಇಳಿಸುತ್ತಾರೆ. ಬಾರ್ಟ್‌ಲೆಟ್ ನಾಲ್ಕೈದು ತಿಂಗಳಿಗೂ, ಆಂಜು ಏಳೆಂಟು ತಿಂಗಳಿಗೂ ಹೋಗುತ್ತದೆ.

ಆದರೆ ಪಿಯರ್ ಸೇಬಿನ ಹಾಗಲ್ಲ. ಇಂಗಾಲದ ಡೈಆಕ್ಸೈಡನ್ನು ತಡೆದುಕೊಳ್ಳುವುದಿಲ್ಲ. ನೂರಕ್ಕೆ 1ರ ಒಳಗೇ ಇರಲಿ, ಆಂಜುಗೆ ಅರ್ಧಕ್ಕಿಂತ ಕಡಿಮೆ. ಜಾಸ್ತಿಯಾದರೆ ತಿರುಳು ಕಂದಾಗಿ ಒಳಗೆ ಪೊಟರೆಗಳಾಗುತ್ತವೆ. ಕಾನ್ಫರೆನ್ಸ್ ಜಾತಿಯನ್ನಂತೂ ಮೊದಲು ಮೂರು ವಾರ ಬರೀ ತಂಪಿನಲ್ಲಿ ಇಟ್ಟು, ಆಮೇಲೆ ಗಾಳಿ ಬದಲಿಸುತ್ತಾರೆ. ಅವಸರ ಮಾಡಿದರೆ ಒಳಗೆಲ್ಲ ಹಾಳು.

1-ಎಂಸಿಪಿ ಬೇರೆ ದಾರಿ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಎಡ್ವರ್ಡ್ ಸಿಸ್ಲರ್, ಸಿಲ್ವಿಯಾ ಬ್ಲಾಂಕೆನ್‌ಶಿಪ್ ಇದನ್ನು ಕಂಡುಹಿಡಿದು 1996ರಲ್ಲಿ ಪೇಟೆಂಟ್ ಪಡೆದರು. ಎಥಿಲೀನ್ ಬಂದು ಕೂರುವ ಜಾಗದಲ್ಲಿ ಇದು ಮೊದಲೇ ಹೋಗಿ ಕೂತುಬಿಡುತ್ತದೆ, ಹಣ್ಣಿಗೆ ಮಾಗುವ ಸುದ್ದಿಯೇ ತಲುಪುವುದಿಲ್ಲ. ಸೇಬಿಗೆ ಇದು ವರ. ಸೇಬನ್ನು ಗಟ್ಟಿಯಾಗಿಯೇ ತಿನ್ನುತ್ತೇವಲ್ವಾ. ಪಿಯರ್ ಮೆತ್ತಗಾಗಲೇಬೇಕು. ಪ್ರಮಾಣ ಸ್ವಲ್ಪ ಜಾಸ್ತಿಯಾದರೆ ಹೊರಗೆ ಬಂದ ಮೇಲೂ ಗಟ್ಟಿಯಾಗಿ, ಸಪ್ಪೆಯಾಗಿ ಕೂರುತ್ತದೆ, ಕೊಂಡವರು ಇನ್ನೊಮ್ಮೆ ಪಿಯರ್ ಮುಟ್ಟುವುದಿಲ್ಲ. ಪೂರ್ತಿ ರೂಮಿಗೆ ಕೊಡುವ ಮೊದಲು ನಿಮ್ಮದೇ ಜಾತಿಯ, ನಿಮ್ಮದೇ ಹದದ ಸ್ವಲ್ಪ ಕಾಯಿಯ ಮೇಲೆ ಮಾಡಿ, ಮಾಗಿಸಿ ನೋಡಿ.

ಒಂದು ಮಾತನ್ನು ನಿಮ್ಮ ಎಲ್ಲ ಕೆಲಸಗಾರರಿಗೂ ದಯವಿಟ್ಟು ಓದಿ ಹೇಳಿ. ಸಿಎ ರೂಮು ಮುಚ್ಚಿದ ಮೇಲೆ ಯಾರೂ ಒಳಗೆ ಕಾಲಿಡಬಾರದು. ಅರ್ಧ ನಿಮಿಷಕ್ಕೂ ಬೇಡ, ತಲೆ ಒಳಗೆ ಹಾಕಿ ನೋಡುವುದೂ ಬೇಡ. ಆ ಗಾಳಿಗೆ ವಾಸನೆಯಿಲ್ಲ, ಉಸಿರು ಕಟ್ಟಿದ ಹಾಗೂ ಅನ್ನಿಸುವುದಿಲ್ಲ. ಎರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ, ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಬಿದ್ದವರನ್ನು ಎಳೆದು ತರಲು ಓಡಿದವರೂ ಅಲ್ಲೇ ಬೀಳುತ್ತಾರೆ. ಬಾಗಿಲಿಗೆ ಬೀಗ ಇರಲಿ, ಕೀಲಿ ಒಬ್ಬರ ಕೈಯಲ್ಲಿರಲಿ. ಮೀಟರ್ ಮಾಮೂಲಿ ಗಾಳಿ ತೋರಿಸಿದ ಮೇಲೆಯೇ ತೆಗೆಯಿರಿ.

ಹೊರಗೆ ತೆಗೆದ ಕೆಲವೇ ದಿನಗಳಲ್ಲಿ ಸಿಪ್ಪೆ ಮೇಲೆ ಕಂದು ಕಪ್ಪು ಮಚ್ಚೆ. ಕೆಲವು ಪೆಟ್ಟಿಗೆಗಳಲ್ಲಿ ಒಂದೇ ಕಡೆ ಹತ್ತು ಹದಿನೈದು ಹಣ್ಣು ಕೊಳೆತು ಗುಂಪಾಗಿರುತ್ತವೆ. ಎರಡಕ್ಕೂ ಕಾರಣ ಒಂದೇನಾ?

ಅಲ್ಲ, ಎರಡೂ ಬೇರೆ. ಮಚ್ಚೆಯನ್ನು ಸ್ಕಾಲ್ಡ್ ಅನ್ನುತ್ತಾರೆ. ಸಿಪ್ಪೆಯಲ್ಲಿರುವ ಆಲ್ಫಾ ಫಾರ್ನೆಸೀನ್ ಅನ್ನುವ ವಸ್ತು ಗಾಳಿಗೆ ಕೆಟ್ಟು ಸಿಪ್ಪೆಯನ್ನು ಸಾಯಿಸುತ್ತದೆ. ತಿರುಳು ಚೆನ್ನಾಗಿಯೇ ಇರುತ್ತದೆ. ಬೇಗ ಕೊಯ್ದ ಕಾಯಿಯಲ್ಲಿ ಜಾಸ್ತಿ. ಮೊದಲು ಎಣ್ಣೆ ಹಚ್ಚಿದ ಕಾಗದದಲ್ಲಿ ಒಂದೊಂದೇ ಹಣ್ಣು ಸುತ್ತುತ್ತಿದ್ದರು, ಆ ಎಣ್ಣೆ ಈ ವಸ್ತುವನ್ನು ಹೀರುತ್ತಿತ್ತು. ಆಮ್ಲಜನಕ ಕಡಿಮೆ ಇರುವ ರೂಮಿನಲ್ಲೂ ಸ್ಕಾಲ್ಡ್ ಕಡಿಮೆಯಾಗುತ್ತದೆ.

ಗುಂಪಾಗಿ ಕೊಳೆಯುವುದು ಬೂದು ಬೂಷ್ಟು. ಸೊನ್ನೆ ಡಿಗ್ರಿಯಲ್ಲೂ ಬೆಳೆಯುತ್ತದೆ, ಒಂದರಿಂದ ಪಕ್ಕದ್ದಕ್ಕೆ ಮುಟ್ಟಿ ಮುಟ್ಟಿ ಹರಡುತ್ತದೆ. ಗಾಯವೇ ಅದರ ಬಾಗಿಲು. ಕೊಯ್ಯುವಾಗ ಎಳೆಯಬೇಡಿ. ಕಾಯಿಯನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ, ಬಲಿತದ್ದು ತೊಟ್ಟಿನ ಗಂಟಿನಲ್ಲೇ ಕಳಚಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಜೋಡಿಸುವಾಗ ಒಂದರ ತೊಟ್ಟು ಇನ್ನೊಂದರ ಹೊಟ್ಟೆಗೆ ಚುಚ್ಚದ ಹಾಗೆ ನೋಡಿಕೊಳ್ಳಿ. ಉಗುರು ಕತ್ತರಿಸಿಕೊಂಡ ಕೈಯೇ ಪಿಯರ್ ಮುಟ್ಟಬೇಕು ಅಂತ ನಾನು ಹುಡುಗಿಯರಿಗೆ ಹೇಳುತ್ತಿದ್ದೆ. ನೀಲಿ ಬೂಷ್ಟು ಬಂದ ಹಣ್ಣನ್ನು ಮಾತ್ರ ಕೆಟ್ಟ ಭಾಗ ತೆಗೆದು ಜ್ಯೂಸಿಗೆ ಹಾಕಬೇಡಿ. ಪಾಟುಲಿನ್ ಅನ್ನುವ ವಿಷ ಅದರಲ್ಲಿರುತ್ತದೆ.

ಮನೆಯ ಫ್ರಿಜ್‌ನಲ್ಲಿ ಒಂದು ಪೆಟ್ಟಿಗೆ ಪಿಯರ್ ಇಟ್ಟುಕೊಂಡು ವಾರವಾರ ತಿನ್ನಬಹುದಾ? ಮಾಗಿದ್ದು ಹೇಗೆ ಗೊತ್ತಾಗುತ್ತದೆ?

ಖಂಡಿತ. ಗಟ್ಟಿ ಇರುವುದನ್ನೇ ಆರಿಸಿ, ತೂತಿರುವ ಚೀಲದಲ್ಲಿ ಹಾಕಿ, ಫ್ರಿಜ್‌ನ ಅತಿ ತಣ್ಣನೆಯ ಜಾಗದಲ್ಲಿ ಇಡಿ, ಹಿಂಬದಿಯ ಗೋಡೆಗೆ ತಾಗದ ಹಾಗೆ. ತಿನ್ನುವ ನಾಲ್ಕೈದು ದಿನ ಮೊದಲು ಬೇಕಾದಷ್ಟು ಮಾತ್ರ ಹೊರಗೆ ತೆಗೆಯಿರಿ. ಹೊಟ್ಟೆ ಒತ್ತಿ ನೋಡಬೇಡಿ. ಹೊಟ್ಟೆ ಮೆತ್ತಗಾಗುವಷ್ಟರಲ್ಲಿ ಒಳಗೆ ಮೀರಿರುತ್ತದೆ. ತೊಟ್ಟಿನ ಪಕ್ಕ, ಕುತ್ತಿಗೆಯ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಸ್ವಲ್ಪ ಒಳಗೆ ಹೋಯಿತು ಅಂದರೆ ಅವತ್ತೇ ತಿನ್ನಿ.